ತಾಯಿ ಮೈಸೂರು ತಳಿ, ತಂದೆ ದ್ವಿತಳಿ: ಅಂಡಾಣುವಿನ ಲೆಕ್ಕ

ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದು ಬಿಡದಿ ದಾಟಿದರೆ ರಾಮನಗರ, ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ ಇರುವ ಊರು. ನಮ್ಮ ಕಡೆ ರೈತರು ಸಾಕುವ ಮಿಶ್ರತಳಿ ಹುಳುವಿಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಹೆಣ್ಣು ಚಿಟ್ಟೆ ಮೈಸೂರು ತಳಿಯದಾಗಿರಬೇಕು, ಗಂಡು ದ್ವಿತಳಿಯದು. ಉಲ್ಟಾ ಮಾಡಿದರೆ ಏನಾಗುತ್ತೆ? ವರ್ಣತಂತುಗಳ ಲೆಕ್ಕದಲ್ಲಿ ಇಬ್ಬರದೂ ಅರ್ಧರ್ಧ ಪಾಲು ತಾನೇ?

ಉಲ್ಟಾ ಮಾಡಿದರೆ ಮೊಟ್ಟೆ ಹೊತ್ತಿಗೆ ಸರಿಯಾಗಿ ಒಡೆಯಲ್ಲ. ದ್ವಿತಳಿ ಚಿಟ್ಟೆ ಇಟ್ಟ ಮೊಟ್ಟೆ ಸಾಮಾನ್ಯವಾಗಿ ನಿದ್ದೆಗೆ ಜಾರಿ ತಿಂಗಳುಗಟ್ಟಲೆ ಹಾಗೇ ಇರುತ್ತೆ. ಬೇಗ ಮರಿ ಬೇಕೆಂದರೆ ಹೈಡ್ರೋಕ್ಲೋರಿಕ್ ಆಮ್ಲದ ಉಪಚಾರ ಮಾಡಬೇಕು. ಮೈಸೂರು ತಳಿಯ ಮೊಟ್ಟೆಯಾದರೆ ಹತ್ತು ಹನ್ನೊಂದು ದಿನಕ್ಕೆ ಒಡೆದು ಹುಳು ಹೊರಗೆ ಬರುತ್ತೆ. ನಿದ್ದೆ ಬೇಕೋ ಬೇಡವೋ ಅನ್ನೋದು ತಾಯಿಯ ತೀರ್ಮಾನ. ಅಂಡಾಣು ಬೆಳೆಯುವಾಗಲೇ ಅವಳ ದೇಹದ ಹಾರ್ಮೋನು ಅದನ್ನು ನಿರ್ಧರಿಸಿರುತ್ತೆ. ತಂದೆ ಯಾವ ತಳಿ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ.

ಯಾಕೆ ಹೀಗೆ? ವೀರ್ಯಾಣು ತರುವುದು ಮುಖ್ಯವಾಗಿ ವರ್ಣತಂತುಗಳ ಒಂದು ಕಟ್ಟು. ಅಂಡಾಣುವಿನಲ್ಲಿ ವರ್ಣತಂತುಗಳ ಜೊತೆಗೆ ಆಹಾರ, ಮೈಟೋಕಾಂಡ್ರಿಯಾ, ಪ್ರೋಟೀನ್ ತಯಾರಿಸುವ ವ್ಯವಸ್ಥೆ, ಮೊದಲ ವಿಭಜನೆಗಳಿಗೆ ಬೇಕಾದ ಆರ್‌ಎನ್‌ಎ ಎಲ್ಲವೂ ಇರುತ್ತವೆ. ಭ್ರೂಣದ ಸ್ವಂತ ಜೀನ್‌ಗಳು ಕೆಲಸ ಶುರು ಮಾಡುವ ತನಕ ನಡೆಯೋದು ತಾಯಿ ಇಟ್ಟ ಈ ಸರಂಜಾಮಿನ ಮೇಲೆಯೇ. ಎಗ್ ದೋಸೆಗೆ ಒಡೆದು ಹಾಕುವ ಕೋಳಿಮೊಟ್ಟೆಯ ಹಳದಿ ಭಾಗ ಇದೆಯಲ್ಲ, ಅದು ಒಂದೇ ಒಂದು ಅಂಡಾಣು!

ಈ ಬುತ್ತಿಯಲ್ಲಿ ರೋಗವೂ ಬರಬಹುದು. ರೇಷ್ಮೆಹುಳುವಿನ ಗಂಟುರೋಗ, ಅಂದರೆ ಪೆಬ್ರಿನ್, ತಾಯಿಯಿಂದ ಮೊಟ್ಟೆಯೊಳಗೇ ದಾಟುತ್ತೆ. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಇದಕ್ಕೆ ಒಂದು ಪರೀಕ್ಷೆ ಕಂಡುಹಿಡಿದರು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ಅದೇ ದಾರಿ: ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ರೋಗ ಕಂಡರೆ ಮೊಟ್ಟೆ ನಾಶ ಮಾಡ್ತಾರೆ. ಮೊಟ್ಟೆಯ ಕ್ವಾಲಿಟಿ ಚೆಕ್ ನಡೆಯೋದು ತಾಯಿಯ ಮೇಲೆ!

ಮನುಷ್ಯರ ಅಂಡಾಣು ಸುಮಾರು 0.1 ಮಿಲಿಮೀಟರ್, ಕಣ್ಣಿಗೆ ಕಂಡೂ ಕಾಣದಷ್ಟು. ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಪಕ್ವ ಅಂಡಾಣುಗಳಿರುತ್ತವೆ. ಬದುಕಿಡೀ ಬಿಡುಗಡೆಯಾಗೋದು ಸುಮಾರು 400 ಮಾತ್ರ. ಅಂದರೆ ನೀವಾಗಿ ಬೆಳೆದ ಅಂಡಾಣು ರೂಪುಗೊಂಡಿದ್ದು ನಿಮ್ಮ ತಾಯಿ ಇನ್ನೂ ಅಜ್ಜಿಯ ಹೊಟ್ಟೆಯಲ್ಲಿದ್ದಾಗ.

ಇನ್ನು ಗಂಡೋ ಹೆಣ್ಣೋ ಅನ್ನೋ ಪ್ರಶ್ನೆ. ರೇಷ್ಮೆಚಿಟ್ಟೆ, ಕೋಳಿ ಇವುಗಳಲ್ಲಿ ಹೆಣ್ಣಿಗೆ ಝಡ್ ಮತ್ತು ಡಬ್ಲ್ಯೂ ಎಂಬ ಎರಡು ಬಗೆಯ ಲಿಂಗ ವರ್ಣತಂತುಗಳಿವೆ, ಗಂಡಿಗೆ ಎರಡೂ ಝಡ್. ಹಾಗಾಗಿ ಅಲ್ಲಿ ಮರಿಯ ಲಿಂಗ ನಿರ್ಧಾರವಾಗೋದು ಅಂಡಾಣುವಿನಿಂದ. ಮನುಷ್ಯರಲ್ಲಿ ಇದು ತಿರುವುಮುರುವು. ಅಂಡಾಣು ಸದಾ ಎಕ್ಸ್ ಅನ್ನೇ ಕೊಡುತ್ತೆ. ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಅಂಡಾಣು ಏನೆಲ್ಲ ನಿರ್ಧರಿಸಿದರೂ ಇದೊಂದನ್ನು ನಿರ್ಧರಿಸೋದಿಲ್ಲ.

ಆದರೂ "ಬರೀ ಹೆಣ್ಣೇ ಹೆತ್ತಳು" ಅಂತ ಸೊಸೆಯನ್ನು ಚುಚ್ಚುವ ಮನೆಗಳು ಇವತ್ತಿಗೂ ಇವೆ. ಎಸ್ಸೆಸ್ಸೆಲ್ಸಿಯಲ್ಲಿ ಇದನ್ನು ಬರೆದು ನಾವೆಲ್ಲ ಅಂಕ ತಗೊಂಡವರೇ. ಮುಂದಿನ ಸಲ ಆ ಮಾತು ಕಿವಿಗೆ ಬಿದ್ದಾಗ ಸುಮ್ಮನೆ ಎದ್ದು ಹೋಗದೆ, ಗೊತ್ತಿರೋದನ್ನು ಅಲ್ಲೇ ಹೇಳೋಣ. ರೇಷ್ಮೆ ಸಾಕಿದ ಮನೆಯಾದರೆ ಅರ್ಥ ಮಾಡಿಸೋದು ಇನ್ನೂ ಸುಲಭ.