ನಾಣ್ಯ ಸಂಗ್ರಹ ಗಂಡಸರ ಹವ್ಯಾಸ ಆಗಿದ್ದು ಹೇಗೆ? ಹೆಂಗಸರ ಡಬ್ಬಿ ಲೆಕ್ಕಕ್ಕೆ ಬರದಿರೋದು ಯಾಕೆ?

ಶಾಲಾ ವಾರ್ಷಿಕೋತ್ಸವ ಇರಲಿ, ಕಾಲೇಜಿನ ಇತಿಹಾಸ ವಿಭಾಗದ ಕಾರ್ಯಕ್ರಮ ಇರಲಿ, ರಾಜ್ಯೋತ್ಸವ ಇರಲಿ, ಹಳೇ ನಾಣ್ಯಗಳ ಪ್ರದರ್ಶನ ಇಟ್ಟ ಕಡೆ ಕಾಣೋ ದೃಶ್ಯ ಹೆಚ್ಚುಕಡಿಮೆ ಒಂದೇ. ಥರ್ಮಾಕೋಲ್ ಶೀಟಿಗೆ ಅಂಟಿಸಿದ ನಾಣ್ಯಗಳು, ಪ್ಲಾಸ್ಟಿಕ್ ಹಾಳೆಯ ಆಲ್ಬಂ, ಮೇಜಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತ ಐವತ್ತು ಅರವತ್ತು ದಾಟಿದ ಒಬ್ಬ ಗಂಡಸು. ನಿವೃತ್ತ ಮೇಷ್ಟ್ರೋ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರೋ, ಅಂಚೆ ಇಲಾಖೆಯವರೋ, ಕಿರಾಣಿ ಅಂಗಡಿಯವರೋ ಆಗಿರ್ತಾರೆ. ಮೇಜಿನ ಈಚೆಗೆ ಮುಗಿಬಿದ್ದು ನೋಡೋರು ಎಂಟರಿಂದ ಹದಿಮೂರು ವರ್ಷದ ಮಕ್ಕಳು. ಅದರಲ್ಲಿ ಹುಡುಗಿಯರೂ ಬೇಕಾದಷ್ಟು ಇರ್ತಾರೆ. ಇಪ್ಪತ್ತರಿಂದ ನಲವತ್ತರೊಳಗಿನವರು ಕಡಿಮೆ. ಮೇಜಿನ ಹಿಂದೆ ಹೆಂಗಸರು ಕೂತಿದ್ದು ಅಪರೂಪ.

ಜನಗಣತಿಯಲ್ಲಿ ಹವ್ಯಾಸಕ್ಕೆ ಅಂತ ಕಾಲಂ ಇಲ್ಲ. ಆದರೆ ಚಿಲ್ಲರೆ ಯಾರ ಕೈಯಲ್ಲಿ ಓಡಾಡ್ತಿತ್ತು, ಕೂಡಿಟ್ಟ ಡಬ್ಬಿ ಯಾರ ಮನೆಯಲ್ಲಿ ಉಳೀತು ಅಂತ ಕೇಳಿದರೆ ಈ ಚಿತ್ರ ಹೀಗೇಕೆ ಅನ್ನೋದು ಬಹುಮಟ್ಟಿಗೆ ಗೊತ್ತಾಗುತ್ತೆ. ಗಂಡಸರಿಗೆ ಇತಿಹಾಸದ ಮೇಲೆ ಆಸಕ್ತಿ ಜಾಸ್ತಿ, ಹೆಂಗಸರಿಗೆ ಇಲ್ಲ ಅನ್ನೋ ಸುಲಭದ ಉತ್ತರ ಇಲ್ಲಿ ನಡೆಯಲ್ಲ.

ಚಿಲ್ಲರೆ ಇದ್ದ ಕೈ

ನಾಣ್ಯ ಕೂಡಿಡೋಕೆ ಮೊದಲು ನಾಣ್ಯ ಕಣ್ಣಿಗೆ ಬೀಳಬೇಕು. ಒಂದು ದಿನಕ್ಕೆ ನೂರಾರು ಬಿಲ್ಲೆ ಕೈ ದಾಟಿದರೆ ಅದರಲ್ಲೊಂದು ಬೇರೆ ಥರ ಇದೆ ಅಂತ ಬೆರಳಿಗೇ ಗೊತ್ತಾಗುತ್ತೆ. ಹಿಂದೆ ಅಷ್ಟು ಚಿಲ್ಲರೆ ನೋಡ್ತಿದ್ದವರು ಬಸ್ ಕಂಡಕ್ಟರು, ಬ್ಯಾಂಕಿನ ಕ್ಯಾಷಿಯರು, ಪೋಸ್ಟ್ ಆಫೀಸಿನ ಕೌಂಟರಿನವರು, ಹುಂಡಿ ಎಣಿಸೋಕೆ ಕೂರುವವರು, ಗಲ್ಲಾದ ಮೇಲೆ ಕೂರುವ ಅಂಗಡಿಯವರು. ಈ ಜಾಗಗಳಲ್ಲಿ ಬಹುಕಾಲ ಇದ್ದಿದ್ದು ಹೆಚ್ಚಾಗಿ ಗಂಡಸರೇ. ಬೇರೆ ಥರದ ಬಿಲ್ಲೆ ಸಿಕ್ಕಿದರೆ ಜೇಬಿಂದ ಅಷ್ಟೇ ಬೆಲೆಯ ಇನ್ನೊಂದು ಹಾಕಿ ಅದನ್ನ ತೆಗೆದಿಟ್ಟುಕೊಳ್ಳೋದು ಅವರಿಗೆ ಸಲೀಸು.

ಸಂತೇಲಿ ಕೂರೋ ಸೊಪ್ಪಿನವರು, ಹೂವಿನವರು ಹೆಂಗಸರೇ ಅಲ್ವಾ ಅಂತ ಕೇಳಬಹುದು. ಹೌದು, ಅವರ ಕೈಯಲ್ಲೂ ಚಿಲ್ಲರೆ ತುಂಬಾ ಓಡಾಡುತ್ತೆ. ಆದರೆ ಸಂಜೆ ಮನೆಗೆ ಹೋಗೋ ಮುಂಚೆ ಆ ಚಿಲ್ಲರೆ ಕೊಟ್ಟು ಅಂಗಡಿಯಲ್ಲಿ ನೋಟು ಮಾಡಿಸಿಕೊಳ್ಳಬೇಕು, ಬೆಳಗ್ಗೆ ಮಾಲಿಗೆ ಕಟ್ಟಬೇಕು. ಚೆಂದದ ಬಿಲ್ಲೆ ಅಂತ ಎತ್ತಿಡೋಕೆ ಅಲ್ಲಿ ಅವಕಾಶ ಎಲ್ಲಿದೆ? ಹಾಗಾಗಿ ಅವರ ಚಿಲ್ಲರೆಯಲ್ಲಿ ಬಂದ ಅಪರೂಪದ ನಾಣ್ಯ ಕೊನೆಗೆ ಸಿಕ್ಕೋದು ನೋಟು ಕೊಟ್ಟ ಅಂಗಡಿಯವರಿಗೆ.

ಮುಂದಿನ ಹಂತದಲ್ಲಿ ದುಡ್ಡು ಬರುತ್ತೆ, ಓಡಾಟ ಬರುತ್ತೆ. ಗಲ್ಲಾದಲ್ಲಿ ಸಿಕ್ಕಿದ್ದು ಮುಗಿದ ಮೇಲೆ ನಾಣ್ಯ ಕೊಂಡೇ ತರಬೇಕು. ಅದಕ್ಕೆ ಬೆಂಗಳೂರಿನ ಪ್ರದರ್ಶನಕ್ಕೆ ರಾತ್ರಿ ಬಸ್ ಹತ್ತಬೇಕು, ವ್ಯಾಪಾರಿ ಹತ್ತಿರ ಚೌಕಾಸಿ ಮಾಡಬೇಕು, ಹರಾಜಿನಲ್ಲಿ ಕೂಗಬೇಕು. ಮನೆಯ ಗಂಡಸು ಒಂದು ನಾಣ್ಯಕ್ಕೆ ಎರಡು ಸಾವಿರ ಕೊಟ್ಟು ಬಂದರೆ ನಾಲ್ಕು ದಿನ ಜಗಳ ಆಗಿ ಮುಗಿಯುತ್ತೆ. ಹೆಂಗಸು ಅದೇ ಕೆಲಸ ಮಾಡಿದರೆ ಸಂಘದ ಕಂತು ಕಟ್ಟಿದ್ಯಾ ಅನ್ನೋ ಪ್ರಶ್ನೆ ಮೊದಲು ಬರುತ್ತೆ.

ನಾಣ್ಯ ನೋಡಿ ವಯಸ್ಸು ಹೇಳಬಹುದು

ಸಂಗ್ರಾಹಕರ ವಯಸ್ಸು ತಿಳಿಯಬೇಕಾದರೆ ಆಧಾರ್ ಕಾರ್ಡ್ ಬೇಡ, ಶುರು ಮಾಡಿದ್ದು ಯಾವ ನಾಣ್ಯದಿಂದ ಅಂತ ಕೇಳಿದರೆ ಸಾಕು. ಯಾಕಂದ್ರೆ ಬಹಳಷ್ಟು ಜನ ಶುರು ಮಾಡೋದು ಹತ್ತು ಹನ್ನೆರಡನೇ ವಯಸ್ಸಲ್ಲಿ, ಆಗ ಚಲಾವಣೆಯಲ್ಲಿ ಏನಿತ್ತೋ ಅದರಿಂದ.

1957ರ ಏಪ್ರಿಲ್ 1ಕ್ಕೆ ಆಣೆ ಪೈ ಲೆಕ್ಕ ಹೋಗಿ ನಯಾ ಪೈಸೆ ಬಂತು. ಹದಿನಾರಾಣೆಯ ರೂಪಾಯಿ ನೂರು ಪೈಸೆ ಆಯ್ತು. ಎರಡೂ ಲೆಕ್ಕದ ಬಿಲ್ಲೆಗಳು ಗಲ್ಲಾದಲ್ಲಿ ಒಟ್ಟಿಗೆ ಇದ್ದ ಆ ಕಾಲದ ಹುಡುಗರಿಗೆ ಈಗ ಎಪ್ಪತ್ತೈದು ದಾಟಿದೆ. ಅವರ ಡಬ್ಬಿಯಲ್ಲಿ 1943ರಿಂದ 1947ರವರೆಗಿನ ತೂತಿನ ಕಾಸು ಇದ್ದೇ ಇರುತ್ತೆ. ಅರವತ್ತರ ಆಸುಪಾಸಿನವರಾದರೆ ಎಪ್ಪತ್ತರ ದಶಕದ ಹತ್ತು ಪೈಸೆ ತೋರಿಸ್ತಾರೆ. ಆಗ ಆಹಾರ, ಕುಟುಂಬ ಯೋಜನೆ, ಉಳಿತಾಯ ಅಂತ ವರ್ಷಕ್ಕೊಂದು ಘೋಷಣೆಯ ನಾಣ್ಯ ಬರ್ತಿತ್ತು. 1975ರದ್ದು ಸಮಾನತೆ, ಅಭಿವೃದ್ಧಿ, ಶಾಂತಿ ಅನ್ನೋ ಘೋಷಣೆಯದು, ಅಂತಾರಾಷ್ಟ್ರೀಯ ಮಹಿಳಾ ವರ್ಷದ ನೆನಪಿಗೆ. 1980ರದ್ದು ಗ್ರಾಮೀಣ ಮಹಿಳೆಯರ ಪ್ರಗತಿ ಹೆಸರಲ್ಲಿ. ಹಳ್ಳಿ ಹೆಂಗಸರ ಹೆಸರಿನ ನಾಣ್ಯವನ್ನೂ ಪ್ರದರ್ಶನದಲ್ಲಿ ತೋರಿಸ್ತಿರೋದು ಗಂಡಸರೇ!

ಐವತ್ತರ ಆಸುಪಾಸಿನವರಿಗೆ 1982ರ ಏಷ್ಯನ್ ಗೇಮ್ಸ್‌ನ ಎರಡು ರೂಪಾಯಿ ನೆನಪು. ಮೂವತ್ತು ದಾಟಿದವರಿಗೆ ತೊಂಬತ್ತರ ದಶಕದ ಹನ್ನೊಂದು ಮೂಲೆಯ ಎರಡು ರೂಪಾಯಿ. 2011ರ ಜೂನ್ 30ಕ್ಕೆ ನಾಲ್ಕಾಣೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳು ಅಧಿಕೃತವಾಗಿ ನಿಂತುಹೋದಾಗ ಮನೆಯಲ್ಲಿದ್ದ ನಾಲ್ಕಾಣೆ ಎತ್ತಿಟ್ಟುಕೊಂಡ ಮಕ್ಕಳು ಈಗ ಇಪ್ಪತ್ತರ ಮೇಲೆ.

ಹತ್ತು ರೂಪಾಯಿ ನಾಣ್ಯದ ಕಥೆ ಅಂಗಡಿಯವರಿಗೆ ಹೇಳಬೇಕಾಗಿಲ್ಲ. ಗೆರೆ ಹತ್ತಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಅನ್ನೋ ಗಾಳಿಸುದ್ದಿ ಹಬ್ಬಿ ಅರ್ಧ ರಾಜ್ಯ ಅದನ್ನ ಮುಟ್ಟದೇ ಹೋದಾಗ, 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹದಿನಾಲ್ಕು ವಿನ್ಯಾಸದವೂ ಅಸಲಿಯೇ ಅಂತ ಹೇಳಬೇಕಾಯ್ತು. ಅಂಗಡಿಯವರು ಬೇಡ ಅಂದ ಆ ಹದಿನಾಲ್ಕನ್ನೂ ಹುಡುಕಿ ಜೋಡಿಸಿದ ಮಕ್ಕಳು ಇದ್ದಾರೆ.

ತವರಲ್ಲೇ ಉಳಿಯೋ ಡಬ್ಬಿ

ಹಾಗಾದರೆ ಹತ್ತನೇ ವಯಸ್ಸಿನ ಹುಡುಗಿಯರು ಎಲ್ಲಿ ಹೋಗ್ತಾರೆ? ಹುಡುಗರೂ ಹೋಗ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಬಂದಾಗ ಇಬ್ಬರ ಡಬ್ಬಿಯೂ ಅಟ್ಟ ಸೇರುತ್ತೆ. ಆಮೇಲೆ ಓದು, ಕೆಲಸ, ಮದುವೆ. ಇಪ್ಪತ್ತರಿಂದ ನಲವತ್ತರವರೆಗೆ ಗಂಡಸರ ಕೈಯಲ್ಲೂ ಆಲ್ಬಂ ಕಾಣಲ್ಲ.

ವ್ಯತ್ಯಾಸ ಆಗೋದು ನಂತರ. ಗಂಡು ಮಗನ ಡಬ್ಬಿ ಅವನಿರೋ ಮನೆಯಲ್ಲೇ ಇರುತ್ತೆ. ನಲವತ್ತೈದನೇ ವಯಸ್ಸಲ್ಲಿ ಸುಣ್ಣ ಹೊಡೆಸೋಕೆ ಅಟ್ಟ ಖಾಲಿ ಮಾಡಿದಾಗ ಕೈಗೆ ಸಿಗುತ್ತೆ. ಮಕ್ಕಳ ಫೀಸು ಸ್ವಲ್ಪ ಹಗುರಾಗಿರುತ್ತೆ, ಕೈಯಲ್ಲಿ ನಾಲ್ಕು ಕಾಸು ಇರುತ್ತೆ, ಹವ್ಯಾಸ ಮತ್ತೆ ಶುರು. ಮಗಳ ಡಬ್ಬಿ ತವರಲ್ಲಿ ಉಳಿದುಹೋಗಿರುತ್ತೆ. ಮದುವೆಯಲ್ಲಿ ಪಾತ್ರೆ, ಸೀರೆ, ಬೀರು ಎಲ್ಲಾ ಹೋಗುತ್ತೆ, ಪೈಸೆ ತುಂಬಿದ ಹಾರ್ಲಿಕ್ಸ್ ಬಾಟಲಿ ಹೋಗಲ್ಲ. ಅಣ್ಣನ ಮಗ ಅದರಲ್ಲಿ ಆಟ ಆಡಿರ್ತಾನೆ, ಇಲ್ಲವೇ ಗುಜರಿಗೆ ಹೋಗಿರುತ್ತೆ. ಐವತ್ತರಲ್ಲಿ ಮತ್ತೆ ಶುರು ಮಾಡೋಣ ಅಂದರೆ ಆಕೆಗೆ ಶುರುವೇ ಇಲ್ಲ.

ಕಾಸಿನ ಜೊತೆ ಹೆಂಗಸರಿಗೆ ಸಂಬಂಧವೇ ಇಲ್ಲ ಅಂತಲ್ಲ. ನಮ್ಮ ಕಡೆ ಚಿನ್ನದ ನಾಣ್ಯ ಪೋಣಿಸಿದ ಒಡವೆಗೆ ಹೆಸರೇ ಕಾಸಿನ ಸರ. ತೂತಿನ ಕಾಸನ್ನ ಮಗುವಿನ ಉಡಿದಾರಕ್ಕೆ ಕಟ್ಟುತ್ತಿದ್ದದ್ದುಂಟು. 1968ರಿಂದ 1971ರವರೆಗೆ ಬಂದ ಹಳದಿ ಬಣ್ಣದ ಇಪ್ಪತ್ತು ಪೈಸೆ ನೋಡಿ. ಅದರ ಮೇಲೆ ಕಮಲ ಇದೆ. ಕಮಲ ಅಂದ್ರೆ ಲಕ್ಷ್ಮಿ, ಹಿತ್ತಾಳೆ ಬಣ್ಣ ಅಂದ್ರೆ ಚಿನ್ನದ ಹೊಳಪು ಅಂತ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ಅದು ಉಳಿದುಕೊಂಡಿದೆ. ವರಮಹಾಲಕ್ಷ್ಮಿ ಹಬ್ಬದ ದಿನ ಕಳಸಕ್ಕೆ ಹಾಕೋ ಕಾಸಿನ ಚೀಲ ಬಿಚ್ಚಿ ನೋಡಿದರೆ ಅತ್ತೆಯ ಅತ್ತೆ ಕಾಲದ ಬೆಳ್ಳಿ ರೂಪಾಯಿ ಸಿಗೋದೂ ಉಂಟು.

ಒಂದೇ ಥರದ್ದು ಆರಿಸಿ, ಚಲಾವಣೆಗೆ ಬಿಡದೆ, ಮೂರು ತಲೆಮಾರು ಕಾಪಾಡಿದರೆ ಅದು ಸಂಗ್ರಹ ಅಲ್ಲದೆ ಮತ್ತೇನು? ಆದರೆ ಅದಕ್ಕೆ ದೇವರ ಕಾಸು ಅಂತ ಹೆಸರು. ಯಾವ ಪ್ರದರ್ಶನಕ್ಕೂ ಬರಲ್ಲ, ಸಂಗ್ರಾಹಕಿ ಅಂತ ಯಾರೂ ಶಾಲು ಹೊದಿಸಲ್ಲ. ಇಂಗ್ಲೆಂಡಿನಲ್ಲಿ 1818ರಲ್ಲಿ ತೀರಿಕೊಂಡ ಸಾರಾ ಸೋಫಿಯಾ ಬ್ಯಾಂಕ್ಸ್ ಅನ್ನೋ ಮಹಿಳೆ ಸಾವಿರಾರು ನಾಣ್ಯ ಕೂಡಿಟ್ಟು ಪಟ್ಟಿ ಬರೆದಿದ್ದರು. ಆ ಸಂಗ್ರಹ ಬ್ರಿಟಿಷ್ ಮ್ಯೂಸಿಯಂ ಸೇರಿದೆ. ಪಟ್ಟಿ ಬರೆದಿಟ್ಟಿದ್ದಕ್ಕೇ ಆಕೆಯ ಹೆಸರು ಇವತ್ತಿಗೂ ಉಳಿದಿದೆ.

ಪೆಟ್ಟಿಗೆ ಕೊನೆಗೆ ಬರೋದು ಹೆಂಡತಿ ಕೈಗೆ

ಇದು ಬರೀ ಯಾರು ಹೆಚ್ಚು ಯಾರು ಕಡಿಮೆ ಅನ್ನೋ ಮಾತಲ್ಲ. ಸಂಗ್ರಾಹಕರು ಬಹುತೇಕ ವಯಸ್ಸಾದ ಗಂಡಸರು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ಬರೋದು ಹೆಂಡತಿಗೆ, ಇಲ್ಲ ಮಗಳಿಗೆ. ಇಷ್ಟು ವರ್ಷ ಅವರನ್ನ ಆ ಪೆಟ್ಟಿಗೆ ಹತ್ತಿರ ಕೂರಿಸಿಕೊಂಡಿರಲ್ಲ, ಯಾವುದಕ್ಕೆ ಎಷ್ಟು ಕೊಟ್ಟಿದ್ದು ಅಂತ ಹೇಳಿರಲ್ಲ (ಜಗಳಕ್ಕೆ ಹೆದರಿ ಕಡಿಮೆ ಬೆಲೆ ಹೇಳಿರೋದೂ ಇರುತ್ತೆ). ಆಗ ಪೆಟ್ಟಿಗೆ ನೇರ ಅಕ್ಕಸಾಲಿಗರ ತಕ್ಕಡಿಗೆ ಹೋಗುತ್ತೆ.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ತೂಕ 11.66 ಗ್ರಾಂ. 1940ಕ್ಕೆ ಮುಂಚಿನದಾದರೆ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳೀತು, 1947ರ ರೂಪಾಯಿ ಪೂರ್ತಿ ನಿಕ್ಕಲ್. ಎಲ್ಲವನ್ನೂ ಒಂದೇ ತಕ್ಕಡಿಗೆ ಸುರಿದರೆ ನಷ್ಟ ಯಾರಿಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ತೂಕದ ಬೆಲೆ ಬೇರೆ, ಸಂಗ್ರಾಹಕರು ಕೊಡೋ ಬೆಲೆ ಬೇರೆ. ಆರನೇ ಜಾರ್ಜ್ ರಾಜನ 1939ರ ರೂಪಾಯಿ ಅಪರೂಪದ್ದು. ಅದಕ್ಕೇ ಅದರ ನಕಲಿಯೂ ಜಾಸ್ತಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ಮೇಲೆ 'ಮಯಿಲಿ ಕಾಸು' ಅಂತ ಕನ್ನಡದಲ್ಲೇ ಬರೆದಿರುತ್ತೆ. ಓದಿ ನೋಡದೆ ತಾಮ್ರದ ತುಂಡು ಅಂತ ಗುಜರಿಗೆ ಹಾಕಿದರೆ ಮತ್ತೆ ಸಿಗಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ಒಂದು ನೋಟ್ ಬುಕ್ಕಿನಲ್ಲಿ ನಾಣ್ಯ, ಇಸವಿ, ಎಲ್ಲಿಂದ ತಂದಿದ್ದು, ನಿಜವಾಗಿ ಎಷ್ಟು ಕೊಟ್ಟಿದ್ದು ಅಂತ ಬರೆದಿಟ್ಟು ಮನೆಯವರಿಗೆ ತೋರಿಸಬೇಕು. ಪೆಟ್ಟಿಗೆ ಸಿಕ್ಕ ಮನೆಯವರು ಮೊದಲು ಮಾಡಬಾರದ ಕೆಲಸ ಅಂದರೆ ಹುಣಸೆಹಣ್ಣು ಹಾಕಿ ತಿಕ್ಕೋದು. ದೇವರ ಪಾತ್ರೆಗೆ ಅದು ಸರಿ. ನಾಣ್ಯಕ್ಕೆ ಹಾಕಿದರೆ ಹಳೇ ಮೈಬಣ್ಣ ಹೋಗಿ ಬೆಲೆ ಬಿದ್ದುಹೋಗುತ್ತೆ. ತೋಟ ಅಗೆಯುವಾಗ, ಪಾಯ ತೆಗೆಯುವಾಗ ಸಿಕ್ಕ ನಾಣ್ಯದ ಗಡಿಗೆ ಮಾತ್ರ ಮನೆ ಆಸ್ತಿ ಅಲ್ಲ, ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನ ಹೊರದೇಶಕ್ಕೆ ಕಳಿಸೋ ಹಾಗಿಲ್ಲ.

ಇನ್ನು ಫೋನಿನಲ್ಲಿ ಬರೋ ಆಸೆ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ಇದ್ದರೆ ಲಕ್ಷ ಲಕ್ಷ ಅನ್ನೋ ವಿಡಿಯೋ ಎಲ್ಲರೂ ನೋಡಿದ್ದೀರಿ. ಫೋಟೋ ಕಳಿಸಿ ಅಂತಾರೆ, ಆಮೇಲೆ ನೋಂದಣಿ ಶುಲ್ಕ, ಕಮಿಷನ್, ತೆರಿಗೆ ಅಂತ ದುಡ್ಡು ಹಾಕಿಸಿಕೊಳ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು, ಚಿಹ್ನೆ ಕೂಡ ಬಳಸ್ತಾರೆ. 2021ರ ಆಗಸ್ಟ್‌ನಲ್ಲೇ ಬ್ಯಾಂಕು ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ: ಹಳೇ ನೋಟು ನಾಣ್ಯದ ವ್ಯವಹಾರವನ್ನ ತಾನು ಮಾಡಲ್ಲ, ಅದಕ್ಕೆ ಯಾವ ಶುಲ್ಕವನ್ನೂ ಕೇಳಲ್ಲ ಅಂತ. ಕೊಳ್ಳುವವನೇ ಮೊದಲು ದುಡ್ಡು ಕೇಳಿದರೆ ಅದು ವ್ಯಾಪಾರ ಅಲ್ಲ.

ಸ್ಕ್ಯಾನರ್ ಬಂದ ಮೇಲೆ

ಹತ್ತು ವರ್ಷದ ಮಗು ಈಗ ಅಂಗಡಿಗೆ ಬಂದರೆ ಕೈಯಲ್ಲಿ ಅಪ್ಪನ ಫೋನು ಇರುತ್ತೆ. ಯುಪಿಐ ಶುರುವಾಗಿದ್ದು 2016ರಲ್ಲಿ. ಅಲ್ಲಿಂದ ಗಲ್ಲಾದ ಚಿಲ್ಲರೆ ಇಳೀತಾ ಬಂತು. ಉಳಿದ ಚಿಲ್ಲರೆಗೆ ಕೆಲವು ಕಡೆ ಚಾಕೊಲೇಟು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಒಳ್ಳೇದೇ ಆಯ್ತು, ಆದರೆ ಅಲ್ಲಿ ಸಿಗ್ತಿದ್ದ ಚಿಲ್ಲರೆಯೂ ನಿಂತಿತು. ಅಂದರೆ ಹೆಂಗಸರು, ಮಕ್ಕಳು ಪುಕ್ಕಟೆಯಾಗಿ ಈ ಹವ್ಯಾಸಕ್ಕೆ ಬರೋ ದಾರಿ ಕಿರಿದಾಗ್ತಿದೆ, ದುಡ್ಡು ಕೊಟ್ಟು ಕೊಳ್ಳೋರ ದಾರಿ ಮಾತ್ರ ಉಳೀತಿದೆ.

ಚಿಲ್ಲರೆಯಲ್ಲಿ ಸಿಕ್ಕಿದರೆ ಜನ ಬರ್ತಾರೆ ಅನ್ನೋದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ 1999ರಿಂದ 2008ರವರೆಗೆ ಐವತ್ತು ರಾಜ್ಯಗಳ ಹೆಸರಲ್ಲಿ ಕಾಲು ಡಾಲರ್ ನಾಣ್ಯಗಳನ್ನ ಮಾಮೂಲಿ ಚಲಾವಣೆಗೇ ಬಿಟ್ಟರು. ಅದನ್ನ ಕೂಡಿಟ್ಟವರು 14.7 ಕೋಟಿ ಅಂತ ಅಲ್ಲಿನ ಟಂಕಸಾಲೆಯ ಅಂದಾಜು. ಅಷ್ಟು ಜನ ಸೇರಬೇಕಾದರೆ ಬರೀ ನಿವೃತ್ತ ಗಂಡಸರಿಂದ ಆಗೋ ಮಾತಲ್ಲ. ನಮ್ಮಲ್ಲಿ 75, 100, 150 ರೂಪಾಯಿಯ ಸ್ಮಾರಕ ನಾಣ್ಯಗಳು ಅಂಗಡಿಗೆ ಬರೋದೇ ಇಲ್ಲ, ಮುಖಬೆಲೆಗಿಂತ ಎಷ್ಟೋ ಪಟ್ಟು ಕೊಟ್ಟು ಟಂಕಸಾಲೆಯಿಂದ ತರಿಸಿಕೊಳ್ಳಬೇಕು.

ಆದರೂ ಗಲ್ಲಾ ಪೂರ್ತಿ ಖಾಲಿಯಾಗಿಲ್ಲ. ಎಂಟಾಣೆ ಇವತ್ತಿಗೂ ಕಾನೂನು ಪ್ರಕಾರ ನಡೆಯುತ್ತೆ, ಹತ್ತು ರೂಪಾಯಿವರೆಗಿನ ಲೆಕ್ಕಕ್ಕೆ. ಒಂದು ರೂಪಾಯಿ ಬಿಲ್ಲೆಯಲ್ಲಿ ಇಸವಿಯ ಕೆಳಗೆ ನೋಡಿ. ವಜ್ರದ ಆಕಾರ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಅಂಗಡಿಗೆ ಬರೋ ಹುಡುಗಿಗೆ ಇದೊಂದು ತೋರಿಸಿದರೆ ನಾಲ್ಕೂ ಹುಡುಕೋಕೆ ಶುರು ಮಾಡ್ತಾಳೆ. ಖರ್ಚು ನಾಲ್ಕು ರೂಪಾಯಿ. ಮದುವೆಯಾಗಿ ಹೋಗುವಾಗ ಡಬ್ಬಿ ಜೊತೆಗೆ ಕಳಿಸೋದು ಮನೆಯವರಿಗೆ ಬಿಟ್ಟಿದ್ದು.