ನಿಮಗಿದು ಗೊತ್ತೆ? ಹಲ್ಲುಪುಡಿಯ ಊರು, ಹಲ್ಲಿನ ಲೆಕ್ಕ

ನಂಜನಗೂಡು ಎಂದರೆ ರಸಬಾಳೆಯ ಜೊತೆಗೇ ಹಲ್ಲುಪುಡಿಯೂ ನೆನಪಾಗುತ್ತದೆ. ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಆ ಗುಲಾಬಿ ಬಣ್ಣದ ಪುಡಿ ಹಲವು ತಲೆಮಾರುಗಳ ಹಲ್ಲು ಉಜ್ಜಿದೆ.

ಹುಳುಕು ಹಿಡಿದ ಮೇಲೆ ಮಾತ್ರ ಪುಡಿ ಸಾಲದು, ವೈದ್ಯರೇ ಬೇಕು. 2002–03ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳ ಪೈಕಿ ಶೇ 53.8ರಷ್ಟು, 35ರಿಂದ 44 ವರ್ಷದವರಲ್ಲಿ ಸುಮಾರು ಶೇ 80ರಷ್ಟು ಮಂದಿಗೆ ಹುಳುಕು ಹಲ್ಲು ಕಂಡುಬಂದಿತ್ತು. ಜಗತ್ತಿನಲ್ಲಿ ಬಾಯಿಯ ರೋಗಗಳಿಂದ ನರಳುವವರು ಸುಮಾರು 350 ಕೋಟಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ.

ಹಲ್ಲೆಲ್ಲ ಉದುರಿದ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ‘ದಂತಭಾಗ್ಯ’ವನ್ನು ರಾಜ್ಯ ಸರ್ಕಾರ ಆರಂಭಿಸಿದ್ದು 2014–15ರ ಸುಮಾರಿಗೆ. ಇದರಲ್ಲಿ ದಂತ ವೈದ್ಯಕೀಯ ಕಾಲೇಜುಗಳನ್ನೂ ಸೇರಿಸಿಕೊಂಡದ್ದು ಜಾಣ ನಡೆ. ಮೈಸೂರಿನಲ್ಲಿ ಜೆಎಸ್‌ಎಸ್ ದಂತ ಕಾಲೇಜು 1986ರಿಂದಲೂ ಇದೆ.

ನಂಜನಗೂಡಿನಿಂದ ಮೈಸೂರಿಗೆ 23 ಕಿಲೋಮೀಟರ್, ತಿ. ನರಸೀಪುರದಿಂದ ಸುಮಾರು 30. ಬಸ್ಸಿಗೇನೂ ಕೊರತೆಯಿಲ್ಲ. ಆದರೆ ಹಲ್ಲಿನ ಸೆಟ್ ಒಂದೇ ದಿನಕ್ಕೆ ಸಿಗುವುದಿಲ್ಲ: ಅಚ್ಚು ತೆಗೆಯಬೇಕು, ಕಚ್ಚುವ ಅಳತೆ ನೋಡಬೇಕು, ಹಾಕಿ ಪರೀಕ್ಷಿಸಬೇಕು, ಒತ್ತುವ ಕಡೆ ಉಜ್ಜಿ ಸರಿಪಡಿಸಬೇಕು. ಚಿಕಿತ್ಸೆ ಉಚಿತವಾದರೂ ಅಷ್ಟೂ ಸಲದ ಬಸ್ ಖರ್ಚು, ಜೊತೆಗೆ ಬರುವ ಮಗನ ಕೂಲಿ ಮನೆಯವರ ಮೇಲೆಯೇ ಬೀಳುತ್ತದೆ.