ಹರಿದ ಬಟ್ಟೆಗೆ ಹೊಸ ಬಾಳು

ಕುಂದಾಪುರದ ಪಶ್ಚಿಮಕ್ಕೆ, ಪಂಚಗಂಗಾವಳಿಯ ಹಿನ್ನೀರಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಚಾಚಿಕೊಂಡಿರುವ ಊರು ಕೋಡಿ. ದೀಪಸ್ತಂಭದ ನೆರಳಿನಲ್ಲಿ ಬೆಳೆದ ಈ ಊರಿನ ಬಹುಮಂದಿಯ ಬದುಕು ಕಡಲನ್ನು ಅವಲಂಬಿಸಿದೆ. ಮುಂಗಾರಿನಲ್ಲಿ ಕಡಲು ಮುನಿದಾಗ, ಜೂನ್ 1ರಿಂದ ಜುಲೈ 31ರವರೆಗೆ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗಳು ದಡ ಸೇರುವ ಈ 61 ದಿನಗಳಲ್ಲಿ ಮೀನುಗಾರರ ಕೈಗಳಿಗೆ ವಿರಾಮವಿಲ್ಲ. ಬಲೆಯನ್ನು ಹರವಿಕೊಂಡು, ಹರಿದ ಕಣ್ಣುಗಳನ್ನು ಒಂದೊಂದಾಗಿ ಹುಡುಕಿ, ದಾರ ಸುತ್ತಿದ ಚಪ್ಪಟೆ ಸೂಜಿಯಿಂದ ಮತ್ತೆ ಹೆಣೆಯುತ್ತಾರೆ. ಒಂದು ಕಣ್ಣು ಹರಿದುದಕ್ಕಾಗಿ ಇಡೀ ಬಲೆಯನ್ನು ಎಸೆಯುವ ಮೀನುಗಾರನಿಲ್ಲ. ಬಲೆಯ ಬೆಲೆ ಏನೆಂಬುದು ಅವನಿಗೆ ಗೊತ್ತು. ಅದನ್ನು ಸರಿಪಡಿಸುವ ವಿದ್ಯೆಯೂ ಗೊತ್ತು.

ಬಟ್ಟೆಯೂ ಒಂದು ಬಗೆಯ ಬಲೆಯೇ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಸಾವಿರಾರು ಎಳೆಗಳು ಒಂದನ್ನೊಂದು ಹಿಡಿದು ನಿಂತಾಗಲೇ ಅದು ವಸ್ತ್ರವೆನಿಸುತ್ತದೆ. ಆದರೆ ಬಲೆಗೆ ದೊರೆಯುವ ಆರೈಕೆ ಇಂದು ಬಟ್ಟೆಗೆ ದೊರೆಯುತ್ತಿಲ್ಲ. ಒಂದು ಗುಂಡಿ ಉದುರಿದರೆ ಅಂಗಿ ಮೂಲೆ ಸೇರುತ್ತದೆ. ಒಂದು ಹೊಲಿಗೆ ಬಿಚ್ಚಿದರೆ ಲಂಗ ಕಸದ ಬುಟ್ಟಿ ಸೇರುತ್ತದೆ. ಇದಕ್ಕೆ ಕಾರಣಗಳು ಎರಡು: ಬಟ್ಟೆಯ ನಿಜವಾದ ಬೆಲೆಯನ್ನು ನಾವು ಮರೆತಿದ್ದೇವೆ, ಅದನ್ನು ಸರಿಪಡಿಸುವ ವಿದ್ಯೆಯನ್ನೂ ಮರೆಯುತ್ತಿದ್ದೇವೆ.

ಅಂಗಡಿಯಲ್ಲಿ ಕೊಡುವ ಹಣವೇ ಬಟ್ಟೆಯ ಪೂರ್ಣ ಬೆಲೆಯಲ್ಲ. ಹತ್ತಿಯನ್ನು ಬಿತ್ತಿ ಬೆಳೆಯುವ ರೈತ, ಬಿಡಿಸುವ ಕೂಲಿಯಾಳು, ನೂಲುವವರು, ನೇಯುವವರು, ಬಣ್ಣ ಹಾಕುವವರು, ಹೊಲಿಯುವವರು ಎಲ್ಲರ ದುಡಿಮೆಯೂ ಒಂದು ಅಂಗಿಯಲ್ಲಿ ಅಡಗಿದೆ. ನೀರಿನ ಲೆಕ್ಕ ಇನ್ನೂ ಬೆರಗು ಹುಟ್ಟಿಸುತ್ತದೆ. ಹತ್ತಿಯ ಒಂದು ಸಾಧಾರಣ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ವ್ಯಯವಾಗುತ್ತದೆಂದು ಅಂದಾಜು ಮಾಡಲಾಗಿದೆ. ದಿನಕ್ಕೆ ಮೂರು ಲೀಟರಿನಂತೆ ಲೆಕ್ಕ ಹಾಕಿದರೆ ಒಬ್ಬ ಮನುಷ್ಯನಿಗೆ ಸುಮಾರು ಎರಡೂವರೆ ವರ್ಷ ಕುಡಿಯಲು ಸಾಕಾಗುವ ನೀರು ಅದು! ಮಧ್ಯ ಏಷ್ಯದ ಅರಲ್ ಸಮುದ್ರ ಒಂದು ಕಾಲಕ್ಕೆ ಜಗತ್ತಿನ ನಾಲ್ಕನೆಯ ಅತಿ ದೊಡ್ಡ ಸರೋವರವಾಗಿತ್ತು. 1960ರ ದಶಕದಿಂದ ಅದಕ್ಕೆ ಹರಿದು ಬರುತ್ತಿದ್ದ ಎರಡು ನದಿಗಳ ನೀರನ್ನು ಮುಖ್ಯವಾಗಿ ಹತ್ತಿಯ ಹೊಲಗಳಿಗೆ ತಿರುಗಿಸಿದ್ದರಿಂದ ಸರೋವರ ಬತ್ತುತ್ತ ಬಂದಿತು. ಮೀನುಗಾರರ ಹಡಗುಗಳು ನೀರಿಲ್ಲದ ಮರಳಿನ ಮೇಲೆ ತುಕ್ಕು ಹಿಡಿದು ನಿಂತವು.

ನಮ್ಮ ಹಿರಿಯರಿಗೆ ಈ ಅಂಕಿಸಂಖ್ಯೆಗಳು ತಿಳಿದಿರಲಿಲ್ಲ. ಆದರೆ ಬಟ್ಟೆಯ ಹಿಂದಿನ ಶ್ರಮ ಚೆನ್ನಾಗಿ ತಿಳಿದಿತ್ತು. ಕಾಯಕಕ್ಕೆ ಗೌರವ ತಂದುಕೊಟ್ಟ ವಚನಕಾರರಲ್ಲಿ ಜೇಡರ ದಾಸಿಮಯ್ಯ ನೇಕಾರ. ಕದಿರ ರೆಮ್ಮವ್ವೆ ನೂಲು ತೆಗೆಯುವವಳು. ರಾಮಿತಂದೆಯೆಂಬ ಶರಣನಂತೂ ಸೂಜಿಕಾಯಕವನ್ನು ತನ್ನ ಹೆಸರಿನೊಡನೆಯೇ ಧರಿಸಿದವನು. ಇಂಥ ನಾಡಿನಲ್ಲಿ ಬಟ್ಟೆಯ ಆಯುಸ್ಸು ದೀರ್ಘವಾಗಿದ್ದುದು ಸಹಜವೇ ಆಗಿದೆ. ತಾಯಿಯ ಸೀರೆ ಹಳತಾದರೆ ಮಗಳ ಲಂಗವಾಗುತ್ತಿತ್ತು. ಲಂಗ ಸವೆದರೆ ದಿಂಬಿನ ಚೀಲವಾಗುತ್ತಿತ್ತು. ಮೆತ್ತಗಾದ ಹತ್ತಿಯ ಸೀರೆ ತೊಟ್ಟಿಲಲ್ಲಿ ಹಸುಗೂಸಿಗೆ ಹಾಸಾಗುತ್ತಿತ್ತು. ಕೊನೆಗೆ ಏನೂ ಉಳಿಯದ ಚಿಂದಿಯೂ ದೀವಟಿಗೆಗೆ ಸುತ್ತಿದಾಗ ಬೆಳಕಾಗಿ ಉರಿಯುತ್ತಿತ್ತು.

ಈ ಜಾಣ್ಮೆಯ ಅತ್ಯಂತ ಸುಂದರವಾದ ರೂಪವೆಂದರೆ ಉತ್ತರ ಕರ್ನಾಟಕದ ಕೌದಿ. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರ ಪದರವಾಗಿ ಹರಡಿ, ಸಾಲು ಸಾಲಾಗಿ ಎಳೆಹೊಲಿಗೆ ಹಾಕಿ ಇದನ್ನು ಸಿದ್ಧಗೊಳಿಸುತ್ತಾರೆ. ಒಂದೊಂದು ಪದರವೂ ಸವೆದ ಬಟ್ಟೆಯೇ. ಆದರೆ ಸಾವಿರಾರು ಹೊಲಿಗೆಗಳು ಅವನ್ನು ಒಂದುಗೂಡಿಸಿದಾಗ ವರ್ಷಗಟ್ಟಲೆ ಬಾಳುವ ಹೊದಿಕೆ ದೊರೆಯುತ್ತದೆ. ಅಜ್ಜಿಯ ಸೀರೆ, ಅಜ್ಜನ ಧೋತರ, ಮಗುವಿನ ಅಂಗಿ ಎಲ್ಲವೂ ಅಕ್ಕಪಕ್ಕದಲ್ಲಿ ಕಾಣಿಸುವ ಕೌದಿ ಒಂದು ಮನೆತನದ ಚರಿತ್ರೆಯೂ ಹೌದು.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಪ್ರದೇಶಗಳಲ್ಲಿ ನೆಲೆಸಿರುವ ಸಿದ್ದಿ ಜನಾಂಗದ ಮಹಿಳೆಯರ ಕೌದಿಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಆಫ್ರಿಕ ಮೂಲದ ಈ ಜನರು ಶತಮಾನಗಳ ಹಿಂದೆಯೇ ಭಾರತಕ್ಕೆ ಬಂದವರ ಸಂತತಿಯವರು. ಹಳೆಯ ಸೀರೆಯೊಂದನ್ನು ತಳಕ್ಕೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಉದ್ದಕ್ಕೂ ತುಂಡುಗಳನ್ನು ಕೂಡಿಸುತ್ತ ಸುತ್ತಿ ಸುತ್ತಿ ನಡುವಿಗೆ ಬರುವುದು ಅವರ ಕ್ರಮ. ನಾಲ್ಕು ಮೂಲೆಗಳಲ್ಲಿ ಮಡಿಚಿದ ತ್ರಿಕೋನಾಕಾರದ ತುಂಡುಗಳನ್ನು ‘ಹೂವು’ಗಳೆಂದು ಸೇರಿಸಿದಾಗಲೇ ಕೌದಿ ಪೂರ್ಣವಾಯಿತೆಂದು ಅವರು ಭಾವಿಸುತ್ತಾರೆ. ಇಂದು ಇವು ದೇಶವಿದೇಶಗಳ ಕಲಾಪ್ರದರ್ಶನಗಳಲ್ಲಿ ಮನ್ನಣೆ ಪಡೆದಿವೆ.

ಇಂಥ ವಿದ್ಯೆ ನಮ್ಮ ನಾಡಿಗಷ್ಟೇ ಸೀಮಿತವಾದುದಲ್ಲ. ಬಂಗಾಳದ ಹೆಂಗಸರು ಹಳೆಯ ಸೀರೆಗಳಿಂದ ಕಾಂಥಾ ಹೊದಿಕೆಗಳನ್ನು ಹೊಲಿದರು. ಹತ್ತಿ ಬೆಳೆಯದ ಉತ್ತರ ಜಪಾನಿನ ಚಳಿನಾಡಿನಲ್ಲಿ ರೈತರು ತೇಪೆಯ ಮೇಲೆ ತೇಪೆ ಹಾಕಿ ತಲೆಮಾರುಗಳವರೆಗೆ ಬಳಸಿದ ‘ಬೋರೊ’ ಬಟ್ಟೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಎರಡನೆಯ ಮಹಾಯುದ್ಧದಲ್ಲಿ ಬಟ್ಟೆಗೆ ಪಡಿತರ ಬಂದಾಗ, ಬ್ರಿಟನ್ನಿನ ಸರ್ಕಾರವೇ 1943ರಲ್ಲಿ ಇದ್ದುದನ್ನು ಸರಿಪಡಿಸಿ ಉಡುವ ಬಗೆಯನ್ನು ತಿಳಿಸುವ ಪುಸ್ತಿಕೆಯನ್ನು ಹೊರತಂದಿತು.

ಆದರೆ ಕಾಲ ಬದಲಾಗಿದೆ. ಬಟ್ಟೆ ಅಗ್ಗವಾಗಿದೆ, ಆಗಾಗ ಬದಲಾಗುವ ಫ್ಯಾಷನ್ನು ಕೊಳ್ಳುವ ಆಸೆಯನ್ನು ಕೆರಳಿಸುತ್ತದೆ. ಎಸೆದ ಬಟ್ಟೆ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಉಣ್ಣೆಯ ಉಡುಪುಗಳನ್ನು ಸೀಳಿ, ಮತ್ತೆ ನೂಲು ತೆಗೆದು ಕಂಬಳಿ ಮಾಡುವ ದೊಡ್ಡ ಉದ್ಯಮವೇ ಇದೆ. ಆದರೆ ಎಲ್ಲ ಬಟ್ಟೆಗೂ ಈ ಭಾಗ್ಯವಿಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಬೇರೆ ದೇಶಗಳಿಂದ ಬಂದ ಹಳೆಯ ಹಾಗೂ ಮಾರಾಟವಾಗದ ಉಡುಪುಗಳ ಗುಡ್ಡಗಳೇ ಬಿದ್ದಿವೆ. ಹತ್ತಿ ಕಾಲಕ್ರಮದಲ್ಲಿ ಮಣ್ಣಾಗುತ್ತದೆ. ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನ ಬಂಧು, ಅದು ಬೇಗ ಕರಗದು. ಕೃತಕ ನೂಲಿನ ಬಟ್ಟೆಯನ್ನು ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ಉದುರಿ, ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಸೇರುತ್ತವೆ. ಕಡಲಿಗೆ ನೇರವಾಗಿ ಸೂಕ್ಷ್ಮಕಣಗಳ ರೂಪದಲ್ಲೇ ಸೇರುವ ಪ್ಲಾಸ್ಟಿಕ್ಕಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಇಂಥ ಬಟ್ಟೆಗಳ ತೊಳೆಯುವಿಕೆಯಿಂದ ಬರುತ್ತದೆಂದು 2017ರ ಅಂತರರಾಷ್ಟ್ರೀಯ ವರದಿಯೊಂದು ಅಂದಾಜು ಮಾಡಿದೆ. ಬಟ್ಟೆಯ ಬಗೆಗಿನ ನಮ್ಮ ಅಲಕ್ಷ್ಯ ಹೀಗೆ ಮೀನಿನ ಹೊಟ್ಟೆಯವರೆಗೂ ಮುಟ್ಟಬಲ್ಲದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ಹಾನಿ ಚಿಕ್ಕದಿರುವಾಗಲೇ ಗಮನಿಸುವುದು. ಅಂಗೈಯಗಲದ ಹರಕು ಬೆರಳಿನಗಲದಲ್ಲಿದ್ದಾಗ ಹತ್ತು ನಿಮಿಷದ ಕೆಲಸ. ಸವೆದು ತೆಳ್ಳಗಾದ ಜಾಗಕ್ಕೆ ರಫೂ ಉತ್ತಮ: ಮೊದಲು ಉದ್ದಕ್ಕೆ ಒತ್ತಾಗಿ ಎಳೆಗಳನ್ನು ಹಾಯಿಸಿ, ಬಳಿಕ ಅಡ್ಡಲಾಗಿ ಒಂದರ ಮೇಲೆ ಒಂದರ ಕೆಳಗೆ ದಾಟಿಸಿದರೆ ಸೂಜಿಯೇ ಪುಟ್ಟ ಮಗ್ಗವಾಗುತ್ತದೆ. ತೂತು ದೊಡ್ಡದಾದರೆ ತೇಪೆ ಬೇಕು. ತೇಪೆಯ ಬಟ್ಟೆಯನ್ನು ಮೊದಲೇ ಒಗೆದಿರಬೇಕು. ಇಲ್ಲವಾದರೆ ಅದು ಆಮೇಲೆ ಕುಗ್ಗಿ ಸುತ್ತಲಿನ ಬಟ್ಟೆಯನ್ನು ಜಗ್ಗುತ್ತದೆ. ಅದರ ಎಳೆಗಳ ದಿಕ್ಕು ಮೂಲ ಬಟ್ಟೆಯ ಎಳೆಗಳಿಗೆ ಹೊಂದಬೇಕು. ಅಂಚನ್ನು ಒಳಕ್ಕೆ ಮಡಿಚಿ ಹೊಲಿಯಬೇಕು. ಗುಂಡಿ ಹಾಕುವಾಗ ಅದನ್ನು ಬಟ್ಟೆಗೆ ಬಿಗಿಯಾಗಿ ಅಂಟಿಸದೆ, ತುಸು ಸಡಿಲ ಬಿಟ್ಟು, ಕೆಳಗೆ ದಾರವನ್ನು ಸುತ್ತಿ ಪುಟ್ಟ ಕತ್ತು ಮಾಡಿದರೆ ಅದು ಬಹುಕಾಲ ಉಳಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಮಡಿಚಿಡದೆ ಗಾಳಿಯಾಡುವಲ್ಲಿ ಒಣಗಿಸುವುದೂ ಅಷ್ಟೇ ಮುಖ್ಯ. ಬೂಷ್ಟು ಹಿಡಿದ ಎಳೆ ಬೇಗನೆ ಹರಿಯುತ್ತದೆ.

ಎರಡನೆಯದು, ಕೊಳ್ಳುವ ಮುನ್ನ ಯೋಚಿಸುವುದು. ಇದು ನಿಜವಾಗಿಯೂ ಬೇಕೇ? ಹೊಲಿಗೆ ಗಟ್ಟಿಯಾಗಿದೆಯೇ? ಬೆಳೆಯುವ ಮಕ್ಕಳ ಉಡುಪಾದರೆ ಮುಂದೆ ಬಿಚ್ಚಿ ಉದ್ದ ಮಾಡಲು ಅಂಚಿನಲ್ಲಿ ಮಡಿಕೆ ಬಿಟ್ಟಿದ್ದಾರೆಯೇ? ಎರಡು ವರ್ಷ ಬಾಳುವ ಅಂಗಿಯನ್ನು ಮೂರು ವರ್ಷ ಬಾಳಿಸಿದರೆ, ಆರು ವರ್ಷಗಳಲ್ಲಿ ಮೂರು ಅಂಗಿಗಳ ಬದಲು ಎರಡೇ ಸಾಕು. ಉಳಿದ ಒಂದು ಅಂಗಿಯ ನೀರು, ನೂಲು, ದುಡಿಮೆ ಎಲ್ಲವೂ ಉಳಿದಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮನೆಯ ಹಣಕ್ಕೆ ಮಾತ್ರವಲ್ಲದೆ ಭೂಮಿಯ ಸಂಪತ್ತಿಗೂ ಅನ್ವಯಿಸಬೇಕಾದ ಕಾಲ ಇದು.

ಇಲ್ಲಿ ಎರಡು ಮಾತುಗಳನ್ನು ಮರೆಯಬಾರದು. ಹಿಂದಿನ ಕಾಲದಲ್ಲಿ ತೇಪೆ ಹಲವರಿಗೆ ಆಯ್ಕೆಯಾಗಿರಲಿಲ್ಲ. ಬೇರೆ ಬಟ್ಟೆಯೇ ಇರಲಿಲ್ಲ. ಆ ಬಡತನವನ್ನು ಹಾಡಿ ಹೊಗಳುವುದು ಸರಿಯಲ್ಲ. ಉಡಲು ಸಾಕಷ್ಟು ಬಟ್ಟೆ ಎಲ್ಲರಿಗೂ ಸಿಗಬೇಕು. ಇರುವುದನ್ನು ಹಾಳುಮಾಡದಿರುವುದು ಅದರ ಮುಂದಿನ ಹೆಜ್ಜೆ. ತೇಪೆ ಹಾಕಿದ ಅಂಗಿ ತೊಟ್ಟು ಬಂದ ಸಹಪಾಠಿಯನ್ನು ನೋಡಿ ನಗುವುದು ಅಜ್ಞಾನದ ಲಕ್ಷಣವೆಂದೇ ಹೇಳಬೇಕು. ಮತ್ತೊಂದು ಮಾತು: ಮನೆಮಂದಿಯೆಲ್ಲ ಮಲಗಿದ ಮೇಲೆ ದೀಪದ ಬೆಳಕಿನಲ್ಲಿ ಕಣ್ಣು ನೋಯಿಸಿಕೊಂಡು ಹೊಲಿಯುತ್ತಿದ್ದವರು ಬಹುತೇಕ ತಾಯಂದಿರೇ. ಬಟ್ಟೆ ಎಲ್ಲರೂ ಉಡುವಂಥದು. ಅದನ್ನು ಸರಿಪಡಿಸುವ ಹೊಣೆ ಒಬ್ಬಳದೇ ಏಕಾಗಬೇಕು? ಹುಡುಗಿಯರಂತೆ ಹುಡುಗರೂ ಸೂಜಿ ಹಿಡಿಯಲು ಕಲಿಯಬೇಕು.

ತನ್ನ ಕೈಯಿಂದ ಒಮ್ಮೆಯಾದರೂ ಬಟ್ಟೆಗೆ ತೇಪೆ ಹಾಕಿದವನು ಅದನ್ನು ನೇಯ್ದವನ ಶ್ರಮವನ್ನು ಸುಲಭವಾಗಿ ಮರೆಯಲಾರನು. ಅಂಥ ಕೈ ಯಾವ ವಸ್ತುವನ್ನೇ ಆಗಲಿ ಎಸೆಯುವ ಮುನ್ನ ಒಂದು ಗಳಿಗೆ ತಡೆಯುತ್ತದೆ. ಆ ಒಂದು ಗಳಿಗೆಯ ವಿವೇಕವನ್ನು ಸೂಜಿ ನಮಗೆ ಕಲಿಸಬಲ್ಲದು.